ನೋಡುಗರ ವಂತಿಗೆಯಲ್ಲಿ ಸುದ್ದಿ ಚಾನೆಲ್ ನಡೆಸೋದು ಹೇಗೆ

ನಮ್ಮ ಮೊದಲ ಮನವಿಗೆ ಬಂದ ದುಡ್ಡು ₹3,140. ಕೊಟ್ಟವರು 19 ಜನ. ಅದರಲ್ಲಿ 11 ಜನ ನೆಂಟರು, ಒಬ್ಬರು ನನ್ನ ಹೈಸ್ಕೂಲ್ ಮೇಷ್ಟ್ರು. ಆ ವಿಡಿಯೊ ಏಳು ನಿಮಿಷ ಇತ್ತು. ಹಿನ್ನೆಲೆಯಲ್ಲಿ ಕೊಳಲು, ಮುಂದೆ ನಾನು. ಪ್ರಜಾಪ್ರಭುತ್ವ, ನಾಲ್ಕನೇ ಕಂಬ, ಮಾರಿಕೊಂಡ ಮಾಧ್ಯಮ ಅಂತೆಲ್ಲ ಮಾತಾಡಿದ್ದೆ. ಈಗ ನೋಡಿದರೆ ನನಗೇ ನಾಚಿಕೆ ಆಗುತ್ತದೆ. ಆದರೂ ಅಳಿಸಿಲ್ಲ, ಹಾಗೇ ಇಟ್ಟಿದ್ದೇನೆ.

ನಾನಿರುವುದು ಚಳ್ಳಕೆರೆಯಲ್ಲಿ. ಶೇಂಗಾ, ಎಣ್ಣೆ ಮಿಲ್ಲು, ಬಿಸಿಲು, ಇಷ್ಟು ಹೇಳಿದರೆ ನಮ್ಮೂರು ಗೊತ್ತಾಗುತ್ತದೆ. ಒಂದು ಸ್ಯಾಟಲೈಟ್ ಚಾನೆಲ್‌ಗೆ 11 ವರ್ಷ ತಾಲ್ಲೂಕು ವರದಿಗಾರನಾಗಿದ್ದೆ. ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಲೆಕ್ಕ. ಒಂದು ಸುದ್ದಿ ಜಾಹೀರಾತುದಾರರಿಗೆ ಬೇಸರ ಆಗುತ್ತೆ ಅಂತ ಬಿದ್ದುಹೋಯಿತು. ಮೂರನೇ ಸಲ ಹಾಗಾದ ಮೇಲೆ ಮೈಕ್ ವಾಪಸ್ ಕೊಟ್ಟು ಬಂದೆ. 2021ರಲ್ಲಿ ಮೂರು ಜನ ಸೇರಿ ಯೂಟ್ಯೂಬ್‌ನಲ್ಲಿ ನಮ್ಮದೇ ಚಾನೆಲ್ ಶುರು ಮಾಡಿದೆವು. ಇವತ್ತು ತಿಂಗಳಿಗೆ 410 ಜನ ವಂತಿಗೆ ಹಾಕುತ್ತಾರೆ. ಆ ₹3,140ರಿಂದ ಇಲ್ಲಿಗೆ ಬರುವಷ್ಟರಲ್ಲಿ ಏನೇನು ತಪ್ಪು ಮಾಡಿದೆವು, ಏನು ಕೈಹಿಡಿಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಇದೇ ಕೆಲಸಕ್ಕೆ ಕೈಹಾಕಿದವರಿಗೆ ಉಪಯೋಗಕ್ಕೆ ಬರಬಹುದು.

ಸ್ಯಾಟಲೈಟ್ ಯಾಕಿಲ್ಲ ಅಂತ ಈಗಲೂ ಕೇಳುವವರಿದ್ದಾರೆ. ಸುದ್ದಿ ಚಾನೆಲ್‌ಗೆ ಅನುಮತಿ ಬೇಕೆಂದರೆ ಕಂಪನಿಯ ನಿವ್ವಳ ಆಸ್ತಿಯೇ ₹20 ಕೋಟಿ ತೋರಿಸಬೇಕು. ಆಮೇಲೆ ಕೇಬಲ್‌ನವರಿಗೆ, ಡಿಟಿಎಚ್‌ನವರಿಗೆ ಕ್ಯಾರೇಜ್ ದುಡ್ಡು, ಅಂದರೆ ನಮ್ಮ ಚಾನೆಲ್ ತೋರಿಸುವುದಕ್ಕೆ ಅವರಿಗೆ ಕೊಡುವುದು. ಆ ದುಡ್ಡು ಹಾಕಿದವನು ಸುದ್ದಿಯನ್ನು ಸುಮ್ನೆ ಬಿಡುತ್ತಾನಾ? ನಮ್ಮ ನೋಡುಗರು ಈಗ ಅಂಗಡಿಯ ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ನೋಡುತ್ತಾರೆ. ಅವರಿಗೆ ಅದೂ ಟಿವಿ, ಇದೂ ಟಿವಿ.

ಮೊದಲು ಖರ್ಚು ಬರೆಯಿರಿ

ದುಡ್ಡು ಕೇಳುವ ಮೊದಲು ಎಷ್ಟು ಬೇಕು ಅಂತ ನಿಮಗೇ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ. "ನಿಮ್ಮ ಕೈಲಾದಷ್ಟು ಕೊಡಿ" ಅಂದಿದ್ದೆವು. ಜನರೂ ಹಾಗೇ ಕೊಟ್ಟರು.

ನಮ್ಮ ತಿಂಗಳ ಲೆಕ್ಕ ಹೀಗಿದೆ. ನನ್ನ ಸಂಬಳ ₹25,000, ಕ್ಯಾಮೆರಾ ಹುಡುಗನಿಗೆ ₹20,000, ಎಡಿಟಿಂಗ್ ಮಾಡುವವಳಿಗೆ ₹18,000. ಹೋಬಳಿಗಳಿಂದ ಸುದ್ದಿ ಕಳಿಸುವವರಿಗೆ ₹8,000. ಪೆಟ್ರೋಲ್, ಬಸ್ಸು ₹9,000. ರೂಮಿನ ಬಾಡಿಗೆ ₹5,000. ಇಂಟರ್ನೆಟ್, ಕರೆಂಟು, ಫೋನ್ ಸೇರಿ ₹4,000. ಲೆಕ್ಕಪತ್ರದವರಿಗೆ ₹2,000. ಹಾಳಾದ ಸಾಮಾನಿಗೆ ಅಂತ ಎತ್ತಿಡುವುದು ₹3,500, ಕೋರ್ಟು ಕಚೇರಿಗೆ ಅಂತ ₹5,000. ಒಟ್ಟು ಒಂದು ಲಕ್ಷಕ್ಕೆ ಐನೂರು ಕಡಿಮೆ.

ಕೋರ್ಟಿನ ದುಡ್ಡು ಯಾಕೆ ಅಂತ ಕೇಳಬೇಡಿ. ಮೊದಲ ಲಾಯರ್ ನೋಟಿಸ್ ಬಂದ ದಿನ ಗೊತ್ತಾಗುತ್ತದೆ. ನಿಮ್ಮ ಸಂಬಳವನ್ನೂ ಬರೆಯಿರಿ. "ನಾನು ಬಿಟ್ಟಿ ಮಾಡ್ತೀನಿ" ಅನ್ನುವುದು ಆರು ತಿಂಗಳ ಮಾತು. ಆಮೇಲೆ ಮನೆಯಲ್ಲಿ ಜಗಳ, ಅದರ ಮೇಲೆ ಚಾನೆಲ್ ಬಂದ್.

ಎಷ್ಟು ಜನ ಕೊಡುತ್ತಾರೆ?

ಇದಕ್ಕೊಂದು ಹಳೇ ಲೆಕ್ಕ ಇದೆ. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಕೆಪಿಎಫ್‌ಎ ಅಂತ ಒಂದು ರೇಡಿಯೊ ಶುರುವಾಯಿತು. ಜಾಹೀರಾತು ಇಲ್ಲ, ಕೇಳುಗರ ದುಡ್ಡಲ್ಲೇ ನಡೆಯಬೇಕು ಅಂತ ಹಟ. ಅದನ್ನು ಕಟ್ಟಿದ ಲೂಯಿಸ್ ಹಿಲ್ ಹೇಳಿದ್ದು, ಕೇಳುಗರಲ್ಲಿ ನೂರಕ್ಕೆ ಇಬ್ಬರು ಕೊಟ್ಟರೆ ಸಾಕು ಅಂತ. ಅದೇ ರೇಡಿಯೊ ಬಳಗದಲ್ಲಿ 1996ರಲ್ಲಿ 'ಡೆಮಾಕ್ರಸಿ ನೌ' ಅನ್ನುವ ಸುದ್ದಿ ಕಾರ್ಯಕ್ರಮ ಹುಟ್ಟಿತು. ಆಮೇಲೆ ಟಿವಿಗೂ ಬಂತು. ಸರ್ಕಾರದ ದುಡ್ಡೂ ಇಲ್ಲ, ಕಂಪನಿ ಜಾಹೀರಾತೂ ಇಲ್ಲದೆ ಇವತ್ತಿಗೂ ದಿನಾ ಸುದ್ದಿ ಕೊಡುತ್ತದೆ.

ನಾನು ಈ ನೂರಕ್ಕೆ ಇಬ್ಬರ ಲೆಕ್ಕವನ್ನು ಮೊದಲು ತಪ್ಪಾಗಿ ಹಾಕಿದೆ. ನಮಗೆ 60,000 ಸಬ್‌ಸ್ಕ್ರೈಬರ್ಸ್ ಇದ್ದಾರೆ, ಹಾಗಾದರೆ 1,200 ಜನ ಕೊಡಬೇಕು ಅಂದುಕೊಂಡೆ. ಸಬ್‌ಸ್ಕ್ರೈಬ್ ಒತ್ತಿದವರೆಲ್ಲ ನೋಡುಗರಲ್ಲ. ಒಂದು ಕುರಿ ಕಾಳಗದ ವಿಡಿಯೊ ವೈರಲ್ ಆಗಿ 9,000 ಜನ ಒತ್ತಿಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ತಿಂಗಳಲ್ಲಿ ಮರಳಿ ಬರುವ ನೋಡುಗರು ಎಷ್ಟು ಅಂತ ತೋರಿಸುತ್ತದೆ. ನಮ್ಮದು ಸುಮಾರು 21,000. ಅದರಲ್ಲಿ ನೂರಕ್ಕೆ ಎರಡು ಅಂದರೆ 420. ನಮಗೆ ಕೊಡುವವರು 410. ಆ ಮನುಷ್ಯನ ಲೆಕ್ಕ ಎಪ್ಪತ್ತು ವರ್ಷ ಆದ ಮೇಲೆ ಚಳ್ಳಕೆರೆಯಲ್ಲೂ ಹೊಂದಿತು.

ಹಾಗಾಗಿ ಕೊಡುವವರು ಜಾಸ್ತಿ ಆಗಬೇಕು ಅಂದರೆ ಮರಳಿ ಬರುವವರು ಜಾಸ್ತಿ ಆಗಬೇಕು. ವೈರಲ್ ವಿಡಿಯೊ ಹಿಂದೆ ಓಡಿದರೆ ವಂತಿಗೆ ಬೆಳೆಯುವುದಿಲ್ಲ. ನಾವು ದಿನಾ ಸಂಜೆ 7.30ಕ್ಕೆ ಹತ್ತು ನಿಮಿಷದ ತಾಲ್ಲೂಕು ಸುದ್ದಿ ಹಾಕುತ್ತೇವೆ. ಅದಕ್ಕೆ ನೋಟ ಕಡಿಮೆ. ದುಡ್ಡು ಕೊಡುವವರಲ್ಲಿ ಮುಕ್ಕಾಲು ಪಾಲು ಅದನ್ನು ನೋಡುವವರೇ.

ಕನ್ನಡದಲ್ಲಿ ಇದೆಲ್ಲ ನಡೆಯಲ್ಲ ಅನ್ನುವವರಿಗೆ ನಾನು ಹೇಳುವುದು ಒಂದೇ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತು ತೆಗೆದುಕೊಳ್ಳದೆ ಓದುಗರು ಕೊಟ್ಟ ಕಾಸಿನಲ್ಲೇ ನಡೆಯಿತು. ಕೊಂಡು ಓದುವವರು ಆಗಲೂ ಇದ್ದರು.

ಖಾತೆ ಬೇರೆ ಮಾಡಿ, ಇವತ್ತೇ

ಶುರುವಿನಲ್ಲಿ ನನ್ನ ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಕೋಡನ್ನೇ ಪರದೆ ಮೇಲೆ ಹಾಕಿದ್ದೆ. ಯಾರೋ ಗೊತ್ತಿಲ್ಲದವರು ₹2,000 ಕಳಿಸಿದರು. ಮೂರು ವಾರ ಆದ ಮೇಲೆ ಹಾಲಿನ ಅಂಗಡಿಯಲ್ಲಿ ₹56 ಕೊಡಲು ಹೋದರೆ ಪೇಮೆಂಟ್ ಆಗಲಿಲ್ಲ. ಖಾತೆ ಸ್ತಂಭನ ಆಗಿತ್ತು. ಆ ₹2,000 ಬೇರೆ ರಾಜ್ಯದ ಯಾವುದೋ ಸೈಬರ್ ವಂಚನೆಯ ದುಡ್ಡಂತೆ. ಬ್ಯಾಂಕಿನವರು ಪೊಲೀಸರ ಕಡೆ ಕೈ ತೋರಿಸಿದರು, ಪೊಲೀಸರು ಆ ರಾಜ್ಯದ ಕಡೆ ತೋರಿಸಿದರು. ಖಾತೆ ಬಿಡಿಸಲು 41 ದಿನ ಬೇಕಾಯಿತು. ಮಗನ ಸ್ಕೂಲ್ ಫೀಸು ಅದರಲ್ಲೇ ಇತ್ತು. ಭಾವನ ಹತ್ತಿರ ಕೈಗಡ ತಂದೆ.

ಚಾನೆಲ್ ಹೆಸರಲ್ಲಿ ಕರೆಂಟ್ ಖಾತೆ ತೆರೆಯಿರಿ. ಮನೆ ದುಡ್ಡಿನ ಒಂದು ಪೈಸೆಯೂ ಅದರಲ್ಲಿ ಇರಬಾರದು. ಕರೆಂಟ್ ಖಾತೆಯೂ ಸ್ತಂಭನ ಆಗಬಹುದು, ಆದರೆ ಮನೆಗೆ ಹಾಲು ಬರುತ್ತದೆ.

ಈಗ ಕಾನೂನಿನ ಲೆಕ್ಕದಲ್ಲಿ ಚಾನೆಲ್ ಯಾವ ರೂಪದಲ್ಲಿರಬೇಕು ಅನ್ನುವ ಮಾತು. ಒಬ್ಬರ ಹೆಸರಲ್ಲೇ ನಡೆಸಿದರೆ ಬರುವುದೆಲ್ಲ ನಿಮ್ಮ ಆದಾಯ. "ಜನ ಪ್ರೀತಿಯಿಂದ ಕೊಟ್ಟಿದ್ದು" ಅನ್ನುವುದನ್ನು ತೆರಿಗೆಯವರು ಕೇಳುವುದಿಲ್ಲ. ಉಡುಗೊರೆ ಅಂದರೂ ಅಷ್ಟೇ, ನೆಂಟರಲ್ಲದವರಿಂದ ವರ್ಷಕ್ಕೆ ₹50,000 ದಾಟಿದರೆ ತೆರಿಗೆ ಬೀಳುತ್ತದೆ. ನಾವು ಎರಡನೇ ವರ್ಷ ಸೆಕ್ಷನ್ 8 ಕಂಪನಿ ಮಾಡಿಕೊಂಡೆವು. 2013ರ ಕಂಪನಿ ಕಾಯ್ದೆಯಡಿ ಲಾಭಕ್ಕಾಗಿ ಅಲ್ಲದ ಕಂಪನಿ ಅದು. ಇಬ್ಬರು ನಿರ್ದೇಶಕರು ಸಾಕು. ಉಳಿದ ದುಡ್ಡನ್ನು ಹಂಚಿಕೊಳ್ಳುವ ಹಾಗಿಲ್ಲ, ಕೆಲಸಕ್ಕೆ ಸಂಬಳ ತೆಗೆದುಕೊಳ್ಳಬಹುದು. ವರ್ಷ ವರ್ಷ ಆಡಿಟ್ ಆಗಲೇಬೇಕು. ಕಾಗದದ ಕೆಲಸ ಕಾಟ ಅನ್ನಿಸುತ್ತದೆ. ಆದರೆ "ಇದು ಅವನ ಸ್ವಂತ ಅಂಗಡಿ" ಅನ್ನುವ ಮಾತು ಆ ದಿನಕ್ಕೇ ನಿಂತಿತು. 'ದಿ ವೈರ್' ಸುದ್ದಿತಾಣ ನಡೆಸುವ ಸಂಸ್ಥೆಯೂ ಇದೇ ಬಗೆಯದು.

80ಜಿ ರಿಯಾಯಿತಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ, ಇದೆಯಾ ಅಂತ ಬೆಂಗಳೂರಿನವರು ಮೊದಲು ಕೇಳುತ್ತಾರೆ. ನಮಗೆ ಇಲ್ಲ. ಸುದ್ದಿ ಚಾನೆಲ್ಲನ್ನು ಧರ್ಮಾರ್ಥದ ಕೆಲಸ ಅಂತ ಒಪ್ಪಿಸುವುದು ಸುಲಭ ಅಲ್ಲ, ನಾವು ಅದರ ಹಿಂದೆ ಬೀಳಲಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿ ಹೇಗೂ ಸಿಗುವುದಿಲ್ಲ. "ಇಲ್ಲ ಸಾರ್, ತೆರಿಗೆ ಉಳಿಯಲ್ಲ, ಸುದ್ದಿ ಉಳಿಯುತ್ತೆ" ಅಂತ ಒಮ್ಮೆ ಹೇಳಿದೆ. ಅವರು ನಕ್ಕು ₹1,000 ಹಾಕಿದರು.

ಜಿಎಸ್‌ಟಿ ಬಗ್ಗೆ ಒಂದು ಎಚ್ಚರಿಕೆ. ಕೊಟ್ಟವರ ಹೆಸರನ್ನು ಕೃತಜ್ಞತೆಗೆ ಹಾಕುವುದು ಬೇರೆ, ಅವರ ವ್ಯಾಪಾರಕ್ಕೆ ಪ್ರಚಾರ ಕೊಡುವುದು ಬೇರೆ. ಧರ್ಮಾರ್ಥ ಸಂಸ್ಥೆಗಳಿಗೆ ಬರುವ ದೇಣಿಗೆ ಬಗ್ಗೆ 2019ರ ಒಂದು ಸುತ್ತೋಲೆ ಈ ಗೆರೆ ಎಳೆದಿದೆ. ನಾವೂ ಅದೇ ಗೆರೆಯ ಒಳಗೆ ಇದ್ದೇವೆ. ಹೆಸರು ಓದುತ್ತೇವೆ. "ಇವರ ಹಾರ್ಡ್‌ವೇರ್ ಅಂಗಡಿ ಬಸ್‌ಸ್ಟ್ಯಾಂಡ್ ಎದುರು" ಅಂತ ಸೇರಿಸುವುದಿಲ್ಲ.

ಪರದೇಶದ ಕನ್ನಡಿಗರು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಎಡವಿದರೆ ಚಾನೆಲ್ಲೇ ಹೋಗುತ್ತದೆ.

ನಮ್ಮ ತಾಲ್ಲೂಕಿನ ಹುಡುಗರು ನ್ಯೂಜೆರ್ಸಿಯಲ್ಲೂ ಇದ್ದಾರೆ, ದುಬೈನಲ್ಲೂ ಇದ್ದಾರೆ. ಊರಿನ ಸುದ್ದಿ ಅಂದರೆ ಅವರಿಗೆ ಜೀವ. ಎರಡನೇ ವರ್ಷ ಒಬ್ಬರು ಅಮೆರಿಕದಿಂದ ಫೋನ್ ಮಾಡಿ, ನಾವು ಆರು ಜನ ಸೇರಿ ಒಂದು ಒಳ್ಳೇ ಕ್ಯಾಮೆರಾ ಕೊಡಿಸುತ್ತೇವೆ ಅಂದರು. ಖುಷಿಯಾಯಿತು. ನಮ್ಮ ಲೆಕ್ಕಪತ್ರದವರು ಕೇಳಿದ್ದು ಒಂದೇ ಪ್ರಶ್ನೆ. "ಅವರ ಪಾಸ್‌ಪೋರ್ಟ್ ಯಾವ ದೇಶದ್ದು?"

2010ರ ವಿದೇಶಿ ವಂತಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಆಡಿಯೊ-ವಿಡಿಯೊ ಮಾಡುವ ಸಂಸ್ಥೆಗಳು ವಿದೇಶಿ ದುಡ್ಡು ತೆಗೆದುಕೊಳ್ಳಲೇಬಾರದು ಅನ್ನುತ್ತದೆ. ಬೇರೆ ಎನ್‌ಜಿಒಗಳ ಹಾಗೆ ನೋಂದಣಿ ಮಾಡಿಸಿ ತೆಗೆದುಕೊಳ್ಳುವ ದಾರಿಯೂ ನಮಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಎಲ್ಲೇ ಇದ್ದರೂ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದುಡ್ಡಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿಯರೇ. ಅವರು ಚಳ್ಳಕೆರೆ ಸಂತೆಯಲ್ಲಿ ಬೆಳೆದಿರಲಿ, ಅಮ್ಮ ಇನ್ನೂ ಇಲ್ಲೇ ಇರಲಿ.

ಆ ಆರು ಜನರಲ್ಲಿ ನಾಲ್ವರದ್ದು ಅಮೆರಿಕದ ಪಾಸ್‌ಪೋರ್ಟ್. ಬೇಡ ಅಂದೆವು. ಒಬ್ಬರು ಬೇಜಾರಾಗಿ, "ನಮ್ಮೂರಿಗೆ ನಾನು ಕೊಡಕ್ಕೂ ಆಗಲ್ವಾ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗ ನಮ್ಮ ಪಾವತಿ ಪುಟದಲ್ಲಿ ವಿದೇಶಿ ಕಾರ್ಡ್ ಸೌಲಭ್ಯವನ್ನೇ ಮುಚ್ಚಿಸಿದ್ದೇವೆ. ಜೊತೆಗೆ "ನಾನು ಭಾರತದ ಪ್ರಜೆ" ಅನ್ನುವ ಗುರುತು ಹಾಕದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ನೀವೂ ಮೊದಲ ದಿನವೇ ಇದನ್ನು ಮಾಡಿ.

ಯಾರ ದುಡ್ಡು ಬೇಡ

ರಸ್ತೆ ಕಾಮಗಾರಿ ಮಾಡಿಸುವ ಒಬ್ಬರು ಲಕೋಟೆಯಲ್ಲಿ ₹50,000 ತಂದರು. ಒಳ್ಳೇ ಮನುಷ್ಯರೇ. ನಾಳೆ ಅವರ ರಸ್ತೆಯಲ್ಲಿ ಗುಂಡಿ ಬಿದ್ದರೆ ನಾನು ಕ್ಯಾಮೆರಾ ಹಿಡಿದು ಹೋಗಬೇಕಲ್ಲ? ಟೀ ಕುಡಿಸಿ, ಲಕೋಟೆ ವಾಪಸ್ ಕೊಟ್ಟೆವು. ಆವತ್ತು ನಮ್ಮ ಖಾತೆಯಲ್ಲಿ ₹6,200 ಇತ್ತು. ಕ್ಯಾಮೆರಾ ಹುಡುಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಅದಾದ ಮೇಲೆ ನಿಯಮ ಬರೆದು ಗೋಡೆಗೂ ಅಂಟಿಸಿದೆವು, ವೆಬ್‌ಸೈಟಿಗೂ ಹಾಕಿದೆವು. ಒಬ್ಬರಿಂದ ವರ್ಷಕ್ಕೆ ₹10,000 ಮೀರಿ ಬೇಡ. ₹5,000 ದಾಟಿದರೆ ಹೆಸರು ಬಹಿರಂಗ. ಪಕ್ಷದ ಪದಾಧಿಕಾರಿಗಳು, ಚುನಾವಣೆಗೆ ನಿಂತವರು, ತಾಲ್ಲೂಕಿನಲ್ಲಿ ಸರ್ಕಾರಿ ಗುತ್ತಿಗೆ ಮಾಡುವವರು, ಇವರಿಂದ ಒಂದು ರೂಪಾಯಿಯೂ ಬೇಡ. ಗೊತ್ತಿಲ್ಲದೆ ಬಂದರೆ ವಾಪಸ್, ಅದೂ ತಿಂಗಳ ಲೆಕ್ಕದಲ್ಲಿ ಕಾಣಬೇಕು.

ಇದರಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಒತ್ತಡ ಇದೆ. ಸಣ್ಣ ಸಣ್ಣದಾಗಿ ಕೊಡುವ ಜನರೇ ಒಟ್ಟಾಗಿ ನಿಮ್ಮನ್ನು ಎಳೆಯಬಹುದು. ಒಂದು ಕೆರೆಯಿಂದ ರಾತ್ರಿ ಮೋಟಾರ್ ಇಟ್ಟು ನೀರು ಎತ್ತುವವರ ಬಗ್ಗೆ ವರದಿ ಮಾಡಿದೆವು. ಎತ್ತುತ್ತಿದ್ದವರು ನಮ್ಮ ನೋಡುಗರೇ, ರೈತರು. ಆ ವಾರ 23 ಜನ ವಂತಿಗೆ ನಿಲ್ಲಿಸಿದರು. ಸರಾಸರಿ ₹140ರಂತೆ ತಿಂಗಳಿಗೆ ₹3,220 ಕಡಿಮೆ. ನೋವಾಯಿತು, ಆದರೆ ಚಾನೆಲ್ ನಿಲ್ಲಲಿಲ್ಲ. ಒಬ್ಬನೇ ₹50,000 ಕೊಡುತ್ತಿದ್ದು ಅವನು ಸಿಟ್ಟಾಗಿದ್ದರೆ? ಸಣ್ಣ ಮೊತ್ತ, ಜಾಸ್ತಿ ಜನ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ರಷ್ಯಾದ 'ದೋಷ್ದ್' ಚಾನೆಲ್ ಕಥೆ ಇದಕ್ಕಿಂತ ದೊಡ್ಡದು. 2014ರ ಜನವರಿಯಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆ ಬಗ್ಗೆ ಒಂದು ಜನಮತದ ಪ್ರಶ್ನೆ ಹಾಕಿದ್ದೇ ನೆಪ, ಕೇಬಲ್ ಕಂಪನಿಗಳು ಒಂದರ ಹಿಂದೆ ಒಂದು ಅದನ್ನು ಕಿತ್ತುಹಾಕಿದವು. ಕೇಬಲ್ ಹೋದರೆ ಜಾಹೀರಾತೂ ಹೋಯಿತು. ಆಗ ಅವರು ನೇರಪ್ರಸಾರದಲ್ಲೇ ನೋಡುಗರ ಮುಂದೆ ಕೈಚಾಚಿದರು, ಚಂದಾದಾರರನ್ನು ನಂಬಿ ಮುಂದೆ ನಡೆದರು. ನಮ್ಮದು ಬಿಡಿ, 23 ಜನರ ವ್ಯವಹಾರ.

ಕೇಳುವ ರೀತಿ

ನಮ್ಮ ಕಡೆ ಮಾರಮ್ಮನ ಜಾತ್ರೆಗೆ ಪಟ್ಟಿ ಎತ್ತುತ್ತಾರೆ. ಮನೆಗಿಷ್ಟು ಅಂತ ವಂತಿಗೆ. ಹಿರಿಯರು ಪುಸ್ತಕ ಹಿಡಿದು ಬರುತ್ತಾರೆ, ಪೆಂಡಾಲಿಗೆ ಇಷ್ಟು, ತಮಟೆಯವರಿಗೆ ಇಷ್ಟು, ನಾಟಕದ ಸೀನರಿಗೆ ಇಷ್ಟು ಅಂತ ಹೇಳುತ್ತಾರೆ. ಯಾರೂ ಗೋಳಾಡುವುದಿಲ್ಲ. "ಜಾತ್ರೆ ಉಳಿಸಿ" ಅಂತ ಕೊಳಲು ನುಡಿಸುವುದಿಲ್ಲ. ಜಾತ್ರೆ ಮುಗಿದ ವಾರದಲ್ಲಿ ಅರಳಿ ಕಟ್ಟೆ ಮೇಲೆ ಕೂತು ಲೆಕ್ಕ ಓದುತ್ತಾರೆ. ಓದದಿದ್ದರೆ ಮುಂದಿನ ವರ್ಷ ಯಾರೂ ಬಾಗಿಲು ತೆಗೆಯುವುದಿಲ್ಲ, ಅಷ್ಟೇ.

ಇದು ನಮಗೆ ಹೊಳೆದದ್ದು ಎರಡನೇ ವರ್ಷ. ಆವರೆಗೆ ಪರದೆ ಮೇಲೆ 'ದೇಣಿಗೆ ನೀಡಿ' ಅಂತಿತ್ತು. ದೇಣಿಗೆ ಅಂದರೆ ಇದ್ದವರು ಇಲ್ಲದವರಿಗೆ ಕೊಡುವುದು. ವಂತಿಗೆ ಅಂದರೆ ಎಲ್ಲರ ಪಾಲು. ಆ ಒಂದು ಪದ ಬದಲಾಯಿಸಿದೆವು. ಜೊತೆಗೆ ಕೇಳುವ ಜಾಗವನ್ನೂ.

ಶೇಂಗಾ ಬಿತ್ತನೆ ಬೀಜ ಕೊಡುವ ಒಂದು ಕೇಂದ್ರದ ಮುಂದೆ ಜನ ಬೆಳಗಿನ ಜಾವ ನಾಲ್ಕಕ್ಕೇ ಬಂದು ಸಾಲಿನಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಚಪ್ಪಲಿಯೇ ಅವರ ಸರದಿ. ಮಳೆ ಹನಿಯುತ್ತಿತ್ತು. ಒಬ್ಬಜ್ಜಿ ತನ್ನ ಚಪ್ಪಲಿ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟು ಅದರ ಮೇಲೆ ಕಲ್ಲಿಟ್ಟಿದ್ದಳು. ನಮ್ಮ ಹುಡುಗ ನೆಲಕ್ಕೆ ಮಲಗಿ ಆ ಸಾಲನ್ನು ಪೂರ್ತಿ ಶೂಟ್ ಮಾಡಿದ. ಬೀಜ ಎಷ್ಟು ಬಂತು, ಯಾರಿಗೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿದೆವು. ಅದಕ್ಕೆ ತಿಂಗಳು ಹಿಡಿಯಿತು. ವರದಿ 14 ನಿಮಿಷ. ಕೊನೆಯಲ್ಲಿ ನಾನು ಹೇಳಿದ್ದು ಇಷ್ಟೇ:

"ಈ ವರದಿಗೆ ಪೆಟ್ರೋಲ್ ₹720, ಎರಡು ದಿನದ ಊಟ ₹540, ಬಾಡಿಗೆ ಮೈಕ್ ₹600, ಆರ್‌ಟಿಐ ಅರ್ಜಿಗೆ ₹10, 186 ಪುಟ ನಕಲಿಗೆ ₹372. ಒಟ್ಟು ₹2,242. ಇದು ನಿಮ್ಮಂಥ 300 ಜನ ಹಾಕಿದ ವಂತಿಗೆಯಿಂದ ಬಂದಿದೆ. ಮುಂದಿನ ವರದಿ ಗೊಬ್ಬರದ ಬಗ್ಗೆ. ಅದಕ್ಕೆ ನಿಮ್ಮದೂ ಪಾಲು ಇರಲಿ ಅನ್ನಿಸಿದರೆ ತಿಂಗಳಿಗೆ ₹100 ಹಾಕಿ. ಈಗಾಗಲೇ ಹಾಕುತ್ತಿದ್ದರೆ ಮತ್ತೆ ಹಾಕಬೇಡಿ."

ನಲವತ್ತು ಸೆಕೆಂಡು. ಆ ರಾತ್ರಿ 61 ಜನ ₹9,870 ಕಳಿಸಿದರು. ನೆಂಟರು ಒಬ್ಬರೂ ಇರಲಿಲ್ಲ.

ಈ ಮಾತಿನಲ್ಲಿ ಏನೇನಿದೆ ನೋಡಿ. ವರದಿ ಮುಗಿದ ಮೇಲೆ ಕೇಳಿದ್ದೇವೆ, ಮೊದಲಲ್ಲ. ಖರ್ಚು ಪೈಸೆ ಲೆಕ್ಕದಲ್ಲಿದೆ. ಮುಂದಿನ ಕೆಲಸ ಹೇಳಿದೆ. ಒಂದು ಮೊತ್ತ ಹೇಳಿದೆ. ₹100 ಅನ್ನದೆ "ಎಷ್ಟಾದರೂ" ಅಂದರೆ ಜನ ಯೋಚನೆ ಮಾಡುತ್ತಾ ಕೂರುತ್ತಾರೆ, ಆಮೇಲೆ ಮರೆಯುತ್ತಾರೆ. ಕೊನೇ ವಾಕ್ಯ ನಮ್ಮ ಎಡಿಟರ್ ಸೇರಿಸಿದ್ದು. ಅದನ್ನು ಕೇಳಿ ಎಷ್ಟೋ ಜನ ನಕ್ಕರಂತೆ. ಬೇಡ ಅಂದರೂ ಕೆಲವರು ಮತ್ತೆ ಹಾಕಿದರು.

ಒಂದೊಂದು ತನಿಖೆಗೂ ಬೇರೆ ಪಟ್ಟಿ ಎತ್ತಬಹುದು. ದೆಹಲಿಯ 'ನ್ಯೂಸ್‌ಲಾಂಡ್ರಿ' ಸುದ್ದಿತಾಣ ಇದನ್ನು 'ಎನ್ಎಲ್ ಸೇನಾ' ಅಂತ ಹೆಸರಿಟ್ಟು ಮಾಡುತ್ತದೆ. ಇಂಥ ವಿಷಯ, ಇಷ್ಟು ಖರ್ಚು ಅಂತ ಮೊದಲೇ ಹೇಳಿ ಸೇರಿಸುತ್ತಾರೆ. ಅಮೃತ ಮಹಲ್ ಕಾವಲಿನ ಜಮೀನು ಇಸ್ರೊ, ಡಿಆರ್‌ಡಿಒ, ಐಐಎಸ್‌ಸಿಗಳಿಗೆ ಹೋದ ಮೇಲೆ ಸುತ್ತಲಿನ ಹಳ್ಳಿಗಳ ದನ ಕುರಿ ಎಲ್ಲಿ ಮೇಯುತ್ತಿವೆ ಅಂತ ನಾಲ್ಕು ಕಂತಿನ ಸರಣಿಗೆ ನಾವು ಹೀಗೇ ಕೇಳಿದೆವು. ₹35,000 ಕೇಳಿದ್ದು, ₹31,400 ಬಂತು. ನಾಲ್ಕರ ಬದಲು ಮೂರೂವರೆ ಕಂತು ಅಂತ ಇನ್ನೂ ತಮಾಷೆ ಮಾಡುತ್ತಾರೆ.

ಕಾಫಿ ಕಪ್ಪು, ಟೀ ಶರ್ಟು, ಸ್ಟಿಕ್ಕರ್ ಕೊಡುವ ಗೋಜಿಗೆ ಹೋಗಬೇಡಿ. ಅಮೆರಿಕದ ಸಾರ್ವಜನಿಕ ಟಿವಿಯವರು ಬಟ್ಟೆ ಚೀಲ ಕೊಟ್ಟೇ ಪ್ರಸಿದ್ಧರು. ನಮ್ಮ ಹತ್ತಿರ ಅಂಚೆ ಖರ್ಚಿಗೂ ದುಡ್ಡಿಲ್ಲ. ನೂರು ರೂಪಾಯಿ ಕೊಟ್ಟವರಿಗೆ ತೊಂಬತ್ತರ ಕಪ್ಪು ಕಳಿಸಿ ಏನು ಪ್ರಯೋಜನ, ಅಲ್ವಾ?

ದುಡ್ಡು ಬರುವ ದಾರಿ

ಯೂಟ್ಯೂಬ್ ಮೆಂಬರ್‌ಶಿಪ್, ನೇರಪ್ರಸಾರದ ಹೊತ್ತಿಗೆ ದುಡ್ಡು ಹಾಕುವ ಸೂಪರ್ ಚಾಟ್ ಸುಲಭ. ಆದರೆ ನೂರರಲ್ಲಿ ಮೂವತ್ತು ಅವರಿಗೇ ಹೋಗುತ್ತದೆ. ಆನ್‌ಲೈನ್ ಪಾವತಿ ಮಾಡಿಸುವ ಪೇಮೆಂಟ್ ಗೇಟ್‌ವೇ ಆದರೆ ಸಾಮಾನ್ಯವಾಗಿ ನೂರಕ್ಕೆ ಎರಡು, ಅದರ ಮೇಲೆ ಜಿಎಸ್‌ಟಿ. ನೇರ ಯುಪಿಐ ಆದರೆ ಏನೂ ಹೋಗುವುದಿಲ್ಲ, ಆದರೆ ಪ್ರತಿ ತಿಂಗಳೂ ಅವರೇ ನೆನಪಿಟ್ಟು ಹಾಕಬೇಕು. ಮನುಷ್ಯರು ಮರೆಯುತ್ತಾರೆ. ಹಾಗಾಗಿ ಯುಪಿಐ ಆಟೋಪೇ ಕಡೆಗೆ ತಳ್ಳಿ. 2020ರಿಂದ ಇದೆ. ಒಮ್ಮೆ ಪಿನ್ ಹಾಕಿ ಒಪ್ಪಿದರೆ ಸಾಕು, ತಿಂಗಳು ತಿಂಗಳು ತಾನೇ ಹೋಗುತ್ತದೆ.

ಇದರಲ್ಲೊಂದು ಸೂಕ್ಷ್ಮ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಕಡಿತ ಆಗುವ 24 ಗಂಟೆ ಮೊದಲು ಕೊಡುವವರ ಫೋನಿಗೆ ಸಂದೇಶ ಹೋಗಬೇಕು. "ನಾಳೆ ₹100 ಕಡಿತವಾಗಲಿದೆ." ವಂತಿಗೆ ನಿಲ್ಲಿಸುವವರು ನಿಲ್ಲಿಸುವುದು ಆ ಗಂಟೆಗಳಲ್ಲೇ. ನಾವು ಕಡಿತದ ದಿನ 6ನೇ ತಾರೀಕು ಇಟ್ಟಿದ್ದೇವೆ, ಸಂಬಳ ಆಗಿರುತ್ತದೆ. ತಿಂಗಳ ಲೆಕ್ಕದ ವಿಡಿಯೊ 4ನೇ ತಾರೀಕು ಹಾಕುತ್ತೇವೆ. 5ಕ್ಕೆ ಸಂದೇಶ ಬಂದಾಗ ಲೆಕ್ಕ ಇನ್ನೂ ನೆನಪಿನಲ್ಲಿರುತ್ತದೆ. ಮೊದಲು ತಿಂಗಳ ಕೊನೆಗೆ 28ಕ್ಕೆ ಇಟ್ಟಿದ್ದೆವು. ಖಾತೆಯಲ್ಲಿ ದುಡ್ಡಿಲ್ಲ ಅಂತ ಎಷ್ಟೋ ಕಡಿತ ವಾಪಸ್ ಬರುತ್ತಿತ್ತು.

ಫೋನ್ ಇಲ್ಲದವರು, ಇದ್ದರೂ ಯುಪಿಐ ಬೇಡ ಅನ್ನುವವರು ಹಳ್ಳಿಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಕಾರ್ಬನ್ ಹಾಳೆಯ ರಸೀದಿ ಪುಸ್ತಕ, ನಂಬರ್ ಹಾಕಿದ್ದು. ನಾಲ್ಕು ಟೀ ಅಂಗಡಿಗಳಲ್ಲಿ ಒಂದೊಂದು ಇಟ್ಟಿದ್ದೇವೆ. ₹20ಕ್ಕೂ ರಸೀದಿ ಹರಿಯುತ್ತಾರೆ.

ಲೆಕ್ಕದ ವಿಡಿಯೊ ಮೂರು ನಿಮಿಷ. ಬಂದಿದ್ದು, ಹೋಗಿದ್ದು, ಉಳಿದಿದ್ದು ಅಥವಾ ಸಾಲದ್ದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕೊಟ್ಟವರ ಹೆಸರು ಮುಚ್ಚಿ ವೆಬ್‌ಸೈಟಿಗೆ ಹಾಕುತ್ತೇವೆ. ಒಂದು ತಿಂಗಳು ಪೆಟ್ರೋಲ್ ಲೆಕ್ಕದಲ್ಲಿ ₹1,300 ಎರಡು ಸಲ ಸೇರಿತ್ತು. ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಹಿಡಿದರು. ಮರುದಿನ ತಪ್ಪು ಒಪ್ಪಿಕೊಂಡು ಇನ್ನೊಂದು ವಿಡಿಯೊ ಹಾಕಿದೆವು. ಅದನ್ನು ನೋಡಿ ಹೊಸದಾಗಿ 14 ಜನ ಸೇರಿದರು. ಈಗ ಪ್ರತಿ ತಿಂಗಳ ಲೆಕ್ಕ ಹೊರಗೆ ಹೋಗುವ ಮೊದಲು ಆ ಗುಮಾಸ್ತರ ಕೈಲಿ ಪರಿಶೀಲನೆ ಆಗುತ್ತದೆ. ಫೀಸು ಬೇಡ ಅಂದರು. ಟೀ ಮಾತ್ರ ಅವರಿಗೆ ಸಕ್ಕರೆ ಇಲ್ಲದ್ದೇ ಆಗಬೇಕು.

ನಿಲ್ಲಿಸಿದವರಿಗೆ ಫೋನ್ ಮಾಡಿ. ಮತ್ತೆ ಕೇಳುವುದಕ್ಕಲ್ಲ, ಯಾಕೆ ಅಂತ ತಿಳಿಯುವುದಕ್ಕೆ. ಅರ್ಧದಷ್ಟು ಜನ ಕಾರ್ಡ್ ಬದಲಾಯಿತು, ಬ್ಯಾಂಕ್ ಬದಲಾಯಿತು ಅನ್ನುತ್ತಾರೆ, ಅವತ್ತೇ ಮತ್ತೆ ಸೇರುತ್ತಾರೆ. ಮಗಳ ಮದುವೆ ಇದೆ, ಆಮೇಲೆ ನೋಡೋಣ ಅನ್ನುವವರು ಇದ್ದಾರೆ. ಅವರ ಹೆಸರನ್ನು ಪಟ್ಟಿಯಿಂದ ತೆಗೆಯದೆ ಪಕ್ಕದಲ್ಲಿ ಚುಕ್ಕಿ ಇಡಿ.

ವರ್ಷದ ದೊಡ್ಡ ಪಟ್ಟಿ

ಕ್ಯಾಲಿಫೋರ್ನಿಯಾದ ಕೆಕ್ಯೂಇಡಿ ಅನ್ನುವ ಟಿವಿ 1955ರಲ್ಲಿ ಮುಚ್ಚುವ ಹಂತಕ್ಕೆ ಬಂದಿತ್ತು. ಆಗ ಅವರು ಟಿವಿಯಲ್ಲೇ ಸಾಮಾನುಗಳ ಹರಾಜು ಕೂಗಿ ದುಡ್ಡು ಎತ್ತಿ ಉಳಿದುಕೊಂಡರು. ನೇರಪ್ರಸಾರದಲ್ಲಿ ಕೂತು ಕೇಳುವ ಪದ್ಧತಿಗೆ ಅಲ್ಲಿ ದೊಡ್ಡ ಇತಿಹಾಸವೇ ಇದೆ. 2025ರಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಎತ್ತಿಟ್ಟಿದ್ದ 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಾಗಲೂ ಕೇಂದ್ರಗಳು ನೋಡುಗರ ಬಾಗಿಲಿಗೇ ಹೋದವು.

ನಾವು ವರ್ಷಕ್ಕೆ ಎರಡು ಸಲ ಒಂದೊಂದು ದಿನ ನೇರಪ್ರಸಾರದಲ್ಲಿ ಕೂರುತ್ತೇವೆ. ಜಾಸ್ತಿ ಕೂತರೆ ಜನಕ್ಕೆ ರೇಜಿಗೆ. ಯಾವಾಗ ಕೂರಬೇಕು ಅನ್ನುವುದನ್ನು ನಿಮ್ಮ ನೋಡುಗರ ಕಿಸೆ ನೋಡಿ ತೀರ್ಮಾನಿಸಿ. ನಮ್ಮ ರೈತರ ಕೈಯಲ್ಲಿ ಜೂನ್, ಜುಲೈನಲ್ಲಿ ಕಾಸಿರುವುದಿಲ್ಲ, ಎಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಶೇಂಗಾ ಕಿತ್ತು ಮಾರಿದ ಮೇಲೆ, ದೀಪಾವಳಿ ಆಸುಪಾಸಿನಲ್ಲಿ ಅವರನ್ನು ಕೇಳುತ್ತೇವೆ. ಬೆಂಗಳೂರು, ದಾವಣಗೆರೆಯಲ್ಲಿ ಸಂಬಳಕ್ಕಿರುವ ನಮ್ಮೂರಿನವರನ್ನು ಕೇಳುವುದು ಆಷಾಢದಲ್ಲಿ.

ಆಷಾಢವೇ ಯಾಕೆ ಅಂದರೆ, ಅದಕ್ಕೆ ನಮ್ಮದೇ ಕಾರಣ ಇದೆ. ತಿಂಗಳಿಗೆ 410 ಜನರಿಂದ ₹57,400 ಬರುತ್ತದೆ. ಆಗೊಮ್ಮೆ ಈಗೊಮ್ಮೆ ಹಾಕುವವರಿಂದ ಸುಮಾರು ₹18,000, ಯೂಟ್ಯೂಬ್ ಜಾಹೀರಾತಿನಿಂದ ₹12,000. ಇನ್ನೂ ₹12,100 ಸಾಲದು. ಅದನ್ನು ಮದುವೆ ವಿಡಿಯೊ ಮಾಡಿ ತುಂಬಿಸುತ್ತೇವೆ, ಅದೇ ಕ್ಯಾಮೆರಾ, ಅದೇ ಹುಡುಗ. ಆಷಾಢದಲ್ಲಿ ಮದುವೆ ಇರುವುದಿಲ್ಲ.